ಷರೀಫರ ಮೇಳ ಮತ್ತು ನಮ್ಮ ಓಣಿಯ ರ್‍ಯಾಪ್

ಬೆಂಗಳೂರಿನ ರ್‍ಯಾಪ್ ತಂಡಗಳ ವಂಶಾವಳಿಯನ್ನು ಬರೆಯಹೊರಟವರು ಸಾಮಾನ್ಯವಾಗಿ ಅಮೆರಿಕದಿಂದ ಆರಂಭಿಸುತ್ತಾರೆ. 1968ರಲ್ಲಿ ಹಾರ್ಲೆಮ್‌ನಲ್ಲಿ ಡೋಲಿನ ಬಡಿತಕ್ಕೆ ಕವಿತೆ ನುಡಿದ ಲಾಸ್ಟ್ ಪೊಯೆಟ್ಸ್, 1973ರ ಆಗಸ್ಟ್‌ನಲ್ಲಿ ಬ್ರಾಂಕ್ಸ್‌ನ ವಸತಿ ಕಟ್ಟಡವೊಂದರಲ್ಲಿ ಡಿಜೆ ಕೂಲ್ ಹರ್ಕ್ ನಡೆಸಿದ ಕೂಟ, ಎಂಬತ್ತರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಕಾಂಪ್ಟನ್‌ನಿಂದ ಸಿಡಿದ ಎನ್.ಡಬ್ಲ್ಯು.ಎ. ಇವೆಲ್ಲ ಆ ವಂಶವೃಕ್ಷದ ಹಿರಿಯ ಕೊಂಬೆಗಳು. ಈ ಋಣವನ್ನು ನಮ್ಮವರು ಮುಚ್ಚಿಟ್ಟಿಲ್ಲ. ಬ್ರೋಧಾ ವಿ, ಸ್ಮೋಕಿ ದಿ ಘೋಸ್ಟ್ ಮೊದಲಾದವರು ಬೆಂಗಳೂರಿನಲ್ಲಿ ಕಟ್ಟಿದ ತಂಡಕ್ಕೆ ಮಚಾಸ್ ವಿತ್ ಆಟಿಟ್ಯೂಡ್ ಎಂಬ ಹೆಸರು ಬಂದದ್ದೇ ಕಾಂಪ್ಟನ್ನಿನ ಆ ತಂಡದ ಹೆಸರಿನ ಅನುಕರಣೆಯಿಂದ. ಬಳಿಕ ಆಲ್ ಓಕೆ, ಚಂದನ್ ಶೆಟ್ಟಿ ಮೊದಲಾದವರು ಇದನ್ನು ಕನ್ನಡದ ಕಿವಿಗೆ ಪರಿಚಯಿಸಿದರು. ಆದರೆ ಈ ವಂಶಾವಳಿಯಲ್ಲಿ ಒಂದು ಹೆಸರು ಬಿಟ್ಟುಹೋಗಿದೆ ಎಂಬುದು ನನ್ನ ಬಹುದಿನಗಳ ಅನಿಸಿಕೆ. ಅದು 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಶಿಶುನಾಳ ಷರೀಫರದು.

ಈ ಮಾತನ್ನು ಈಗ ಎತ್ತಲು ಕಾರಣವಿದೆ. ನಾನು ಹಾವೇರಿ ಸೀಮೆಯವನು. ಕುರುಬರಹಳ್ಳಿಗೆ ಬಂದು ನೆಲೆಸಿ ಮೂರು ದಶಕಗಳಾದವು. ರಾಜಾಜಿನಗರಕ್ಕೂ ಮಹಾಲಕ್ಷ್ಮಿ ಬಡಾವಣೆಗೂ ನಡುವೆ ಹೆಸರಿನಲ್ಲಿ ಮಾತ್ರ ಹಳ್ಳಿಯಾಗಿ ಉಳಿದಿರುವ ಇಲ್ಲಿ, ಐದಾರು ಹುಡುಗರು ಸೇರಿ ಒಂದು ರ್‍ಯಾಪ್ ತಂಡ ಕಟ್ಟಿಕೊಂಡಿದ್ದಾರೆ. ಇಬ್ಬರು ಮನೆಮನೆಗೆ ಊಟ ತಲುಪಿಸುವ ಕೆಲಸದವರು, ಒಬ್ಬ ಗ್ಯಾರೇಜಿನವನು, ಉಳಿದವರು ಕಾಲೇಜಿನವರು. ಮಳೆ ಬಂದರೆ ಮನೆಯೊಳಗೆ ನುಗ್ಗುವ ರಾಜಕಾಲುವೆ, ಏರುವ ಬಾಡಿಗೆ, ಅಣ್ಣನ ಬೈಕಿನ ಸಾಲದ ಕಂತು ಇವೇ ಅವರ ವಸ್ತು. ಕಳೆದ ರಾಜ್ಯೋತ್ಸವದಲ್ಲಿ ಇವರಿಗೆ ವೇದಿಕೆ ಕೊಡಬೇಕೇ ಎಂಬ ಪ್ರಶ್ನೆ ನಮ್ಮ ಓಣಿಯಲ್ಲಿ ಎದ್ದಾಗ, ಇದು ಕನ್ನಡವೂ ಅಲ್ಲ, ಹಾಡೂ ಅಲ್ಲ ಎಂದು ಹಿರಿಯರು ತೀರ್ಮಾನಿಸಿದರು. ಅದೇ ಸಂಜೆ ಅದೇ ಧ್ವನಿವರ್ಧಕದಲ್ಲಿ ಷರೀಫರ ಪದಗಳು ಮೊಳಗಿದವು.

ನಾವು ಮಧ್ಯಮವರ್ಗದವರು ಬಲ್ಲ ಷರೀಫರು ಬಹುಮಟ್ಟಿಗೆ ಸಿ. ಅಶ್ವತ್ಥ್ ಅವರ ಷರೀಫರು. ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು ಪದಗಳನ್ನು ಸಂಪಾದಿಸಿಕೊಟ್ಟರು, ಅಶ್ವತ್ಥ್ ರಾಗ ಹಾಕಿ ಎದೆತುಂಬಿ ಹಾಡಿದರು. 1990ರಲ್ಲಿ ಟಿ.ಎಸ್. ನಾಗಾಭರಣ ನಿರ್ದೇಶಿಸಿದ ಚಿತ್ರದಲ್ಲಿ ಶ್ರೀಧರ್ ಷರೀಫರಾದರು, ಗಿರೀಶ ಕಾರ್ನಾಡರು ಗುರು ಗೋವಿಂದಭಟ್ಟರಾದರು. ರಾಷ್ಟ್ರೀಯ ಭಾವೈಕ್ಯಕ್ಕಾಗಿ ನೀಡುವ ನರ್ಗಿಸ್ ದತ್ ಪ್ರಶಸ್ತಿಯೂ ಆ ಚಿತ್ರಕ್ಕೆ ಸಂದಿತು. ಈ ಉಪಕಾರ ಸಣ್ಣದಲ್ಲ. ಆದರೆ ವಾದ್ಯವೃಂದದ ಆ ವೈಭವದಲ್ಲಿ, ಸಾಲಗಾರರಿಗೆ ಮುಖ ತಪ್ಪಿಸಿಕೊಂಡು ಊರೂರು ಅಲೆದ ಬಡ ಹಾಡುಗಾರನೊಬ್ಬ ನಮಗೆ ಮರೆಯಾದ.

ಇಂದು ಹಾವೇರಿ ಜಿಲ್ಲೆಗೆ ಸೇರಿದ, ಆಗ ಧಾರವಾಡ ಜಿಲ್ಲೆಯಲ್ಲಿದ್ದ ಶಿಶುನಾಳ ಅವರ ಊರು. ತಂದೆ ಇಮಾಮ್ ಸಾಹೇಬರು, ತಾಯಿ ಹಜ್ಜೂಮಾ. ತಂದೆಯವರು ಹುಲಗೂರಿನ ಸಂತ ಖಾದರಿಯವರ ಭಕ್ತರು. ಬಹುಕಾಲ ಮಕ್ಕಳಿಲ್ಲದ ದಂಪತಿಗೆ ಆ ಸಂತರ ಆಶೀರ್ವಾದದಿಂದಲೇ ಮಗ ಹುಟ್ಟಿದನೆಂಬುದು ನಮ್ಮ ಸೀಮೆಯ ನಂಬಿಕೆ. ಮಹಮದ್ ಷರೀಫ ಎಂಬ ಆ ಹುಡುಗ ಕೂಲಿಮಠದಲ್ಲಿ ಅಕ್ಷರ ಕಲಿತ. ರಾಮಾಯಣ, ಮಹಾಭಾರತಗಳ ಜತೆಗೆ ಅಲ್ಲಮಪ್ರಭುವಿನ ಕಥೆಯನ್ನೂ ಕೇಳಿ ಬೆಳೆದ. ಮುಲ್ಕಿ ಪರೀಕ್ಷೆ ಮುಗಿಸಿ ಸುತ್ತಲಿನ ಹಳ್ಳಿಗಳಲ್ಲಿ ಕೆಲಕಾಲ ಕನ್ನಡ ಶಾಲೆಯ ಮಾಸ್ತರನಾದ. ಬ್ರಿಟಿಷರ ಆಡಳಿತದಲ್ಲಿ ಅದು ಮರ್ಯಾದೆಯ, ತಿಂಗಳ ಸಂಬಳದ ನೌಕರಿ. ಅದನ್ನು ಬಿಟ್ಟು ಬಯಲಾಟದ ಮೇಳಗಳೊಡನೆ ತಿರುಗತೊಡಗಿದ ಮಗನನ್ನು ಕಂಡು ತಂದೆತಾಯಿಗಳಿಗೆ ಎಷ್ಟು ಕಳವಳವಾಯಿತೋ, ಎಂಜಿನಿಯರಿಂಗ್ ಬಿಟ್ಟು ಮೈಕು ಹಿಡಿದ ಮಗನ ಹೆತ್ತವರು ಊಹಿಸಿಕೊಳ್ಳಬಲ್ಲರು.

ಬಯಲಾಟದ ಆ ವರ್ಷಗಳಿಗೆ ನಮ್ಮ ಚರಿತ್ರಕಾರರು ಸಾಲದಷ್ಟು ಗಮನ ಕೊಟ್ಟಿದ್ದಾರೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಾಡು ಎಂದರೆ ಒಬ್ಬನ ಕಲೆಯಲ್ಲ, ಮೇಳದ ಕಲೆ. ಹಲವೊಮ್ಮೆ ಎರಡು ಮೇಳಗಳ ಪೈಪೋಟಿಯ ಕಲೆ. ಹರದೇಶಿ ಮೇಳದವರು ಗಂಡು ಹೆಚ್ಚೆಂದು ಹಾಡಿದರೆ ನಾಗೇಶಿಯವರು ಹೆಣ್ಣು ಹೆಚ್ಚೆಂದು ಉತ್ತರ ಕಟ್ಟಬೇಕು. ಉತ್ತರ ಸ್ಥಳದಲ್ಲೇ ಹೊಳೆಯಬೇಕು, ತಾಳ ತಪ್ಪಬಾರದು, ಜನ ನಗಬೇಕು. ಬೆಳಗಿನ ಜಾವದವರೆಗೂ ಈ ವಾಗ್ವಾದ ನಡೆಯುವುದುಂಟು. ಮೊಹರಂ ಬಂತೆಂದರೆ ರಿವಾಯತ್ ಪದಗಳು. ಹಿಂದೂ ಮುಸ್ಲಿಮರಿಬ್ಬರೂ ಕೂಡಿ ಹೆಜ್ಜೆ ಹಾಕಿ ಹಾಡುವಂಥವು. ಷರೀಫರು ರಿವಾಯತ್ ಪದಗಳನ್ನೂ ಕಟ್ಟಿದ್ದಾರೆ. ರ್‍ಯಾಪ್ ಲೋಕದಲ್ಲಿ ಬ್ಯಾಟಲ್ ಎನ್ನುವ ಎದುರುಬದುರಿನ ಸ್ಪರ್ಧೆಯನ್ನು ಆಮದು ಸರಕೆನ್ನುವವರು ನಮ್ಮ ಕಡೆಯ ಜಾತ್ರೆಯಲ್ಲಿ ಒಂದು ರಾತ್ರಿ ಕಳೆದು ಬರುವುದು ಒಳಿತು.

ಮೇಳದ ಹಾಡುಗಾರ ತತ್ವಪದಕಾರನಾದದ್ದು ಗೋವಿಂದಭಟ್ಟರಿಂದ. ಇವರು ಕುಂದಗೋಳ ಬಳಿಯ ಕಳಸದ ಸ್ಮಾರ್ತ ಬ್ರಾಹ್ಮಣರು, ದೇವಿಯ ಉಪಾಸಕರು, ಮಡಿಮೈಲಿಗೆಗಳನ್ನು ಲೆಕ್ಕಿಸದೆ ಸ್ವಜಾತಿಯವರ ಕೋಪಕ್ಕೆ ಮೊದಲೇ ಗುರಿಯಾಗಿದ್ದವರು. ಮೊದಲ ಭೇಟಿಯಲ್ಲಿ ಭಟ್ಟರು ನಿನ್ನ ಅಪ್ಪ ಯಾರೆಂದು ಕೇಳಿದರಂತೆ. ನಿಮ್ಮ ಅಪ್ಪನೇ ನನ್ನ ಅಪ್ಪನೂ ಎಂಬ ಅರ್ಥದ ಉತ್ತರ ಬಂತಂತೆ. ಕೂಡಿದ್ದವರು ಉದ್ಧಟತನವೆಂದು ಸಿಟ್ಟಾದರೂ ಭಟ್ಟರು ನಕ್ಕು ಶಿಷ್ಯನನ್ನಾಗಿ ಸ್ವೀಕರಿಸಿದರೆಂದು ಕಥೆ. ಭಟ್ಟರು ಮುಸ್ಲಿಂ ಶಿಷ್ಯನನ್ನು ಮನೆಯೊಳಗೆ ಕೂರಿಸಿಕೊಂಡು ಉಂಡರು, ಜನಿವಾರವನ್ನೂ ಹಾಕಿದರು. ಆ ಜನಿವಾರದ ಮೇಲೆ ಷರೀಫರು ಕಟ್ಟಿದ ಪದವೇ ಇದೆ. ಅಗ್ರಹಾರಕ್ಕೂ ಇದು ಸಹನೆಯಾಗಲಿಲ್ಲ, ಷರೀಫರ ಜನಕ್ಕೂ ಆಗಲಿಲ್ಲ. ಭಾವೈಕ್ಯದ ಸಂಕೇತವೆಂದು ಇಂದು ಪಠ್ಯಪುಸ್ತಕದಲ್ಲಿ ಓದುವ ಈ ಗುರುಶಿಷ್ಯ ಸಂಬಂಧ ಬದುಕಿದ್ದಾಗ ಇಬ್ಬರಿಗೂ ಬಹಿಷ್ಕಾರದ ಬೆದರಿಕೆಯನ್ನೇ ತಂದಿತ್ತು.

ಪದ ಹುಟ್ಟುತ್ತಿದ್ದ ಬಗೆಯೂ ಗಮನಾರ್ಹ. ಷರೀಫರು ಎದುರಿಗೆ ಕಂಡದ್ದನ್ನು ಹಿಡಿದು ಹಾಡುತ್ತಿದ್ದರು. ಸೋರುವ ಮಾಳಿಗೆ, ಸೇದುವ ಗುಡುಗುಡಿ, ತಂತಿ ಸಡಿಲಾದ ತಂಬೂರಿ, ಜಾತ್ರೆಯ ಜನಜಂಗುಳಿಯಲ್ಲಿ ಬೀಳಲಿರುವ ಮುದುಕಿ. ಕೋಳಿ ಕೋತಿಯನ್ನು ನುಂಗುವ ಆ ಪ್ರಸಿದ್ಧ ಪದವನ್ನು ಮಕ್ಕಳು ವಿನೋದಕ್ಕೆ ಹಾಡುತ್ತಾರೆ, ಬಲ್ಲವರು ಅಲ್ಲಮನ ಬೆಡಗಿನ ಮುಂದುವರಿಕೆಯೆಂದು ತಲೆದೂಗುತ್ತಾರೆ. ಒಂದೇ ಮಾತಿಗೆ ಎರಡು ಅರ್ಥ, ಒಂದು ಓಣಿಯವರಿಗೆ, ಇನ್ನೊಂದು ಒಳಗಿನವರಿಗೆ. ಹುಡುಗರ ಹಾಡಿನಲ್ಲಿ ರಾಜಕಾಲುವೆ ಬರಿಯ ಕಾಲುವೆಯಲ್ಲವೆಂಬುದು ನನಗೆ ತಿಳಿದದ್ದು ಎರಡನೆಯ ಬಾರಿ ಕೇಳಿದಾಗ.

ಪ್ರಾಸದ ವಿಷಯವನ್ನಂತೂ ಹೇಳಲೇಬೇಕು. ಕನ್ನಡ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಅಂತ್ಯಪ್ರಾಸ ಬಹಳ ಅಗ್ಗ. ಒಬ್ಬ ಬರುತ್ತಾನೆ, ಇನ್ನೊಬ್ಬ ಹೋಗುತ್ತಾನೆ, ಪ್ರಾಸ ತಾನಾಗಿ ಕೂಡಿಬಿಡುತ್ತದೆ. ನಾಲ್ಕು ಸಾಲಿಗೆ ಕಿವಿ ದಣಿಯುತ್ತದೆ. ಇಂಗ್ಲಿಷ್ ರ್‍ಯಾಪಿನ ಅಂತ್ಯಪ್ರಾಸವನ್ನು ಹಾಗೆಯೇ ಕನ್ನಡಕ್ಕೆ ತಂದವರ ಹಾಡುಗಳು ಸಪ್ಪೆಯೆನಿಸುವುದು ಇದರಿಂದ. ನಮ್ಮ ಪೂರ್ವಿಕರು ಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸವಿಟ್ಟು ಈ ತೊಡಕನ್ನು ಎಂದೋ ಬಿಡಿಸಿದ್ದರು. ಪಂಪನ ಕಾಲದ ಆ ವಿದ್ಯೆ ಷರೀಫರ ಪದಗಳಲ್ಲಿ ಧಾರವಾಡದ ಆಡುಮಾತಿನ ಮೈಪಡೆದು ಸಲೀಸಾಗಿ ಓಡಾಡುತ್ತದೆ. ಸಾಲು ಆರಂಭದಲ್ಲೇ ತಾಳವನ್ನು ಕಚ್ಚಿ ಹಿಡಿಯುವುದರಿಂದ ಹಾಡುಗಾರನಿಗೆ ಉಸಿರೂ ಉಳಿಯುತ್ತದೆ. ಕುರುಬರಹಳ್ಳಿಯ ಹುಡುಗರಲ್ಲಿ ಗ್ಯಾರೇಜಿನವನು ಯಾರೂ ಹೇಳಿಕೊಡದೆ ಇದೇ ದಾರಿ ಹಿಡಿದಿದ್ದಾನೆ. ಛಂದಸ್ಸಿನ ಪುಸ್ತಕವನ್ನು ಅವನು ನೋಡಿದವನಲ್ಲ.

ಹೋಲಿಕೆಯನ್ನು ಅತಿಗೆ ಒಯ್ಯುವವರ ಬಗ್ಗೆಯೂ ನನಗೆ ತಕರಾರಿದೆ. ಷರೀಫರ ಎರಡು ಸಾಲಿಗೆ ಡ್ರಮ್ಮಿನ ಸದ್ದು ಜೋಡಿಸಿದ ಮಾತ್ರಕ್ಕೆ ಪರಂಪರೆ ಮುಂದುವರಿದಂತಾಗುವುದಿಲ್ಲ. ರ್‍ಯಾಪ್ ಹಾಡುಗಾರ ತನ್ನ ಹೆಸರನ್ನು ತಾನೇ ಸಾರುತ್ತಾನೆ. ತಾನು ಎಲ್ಲಿಂದ ಬಂದೆ, ಯಾರನ್ನು ಮೀರಿಸಿದೆ ಎಂಬುದೇ ಬಹುತೇಕ ಅವನ ಹಾಡಿನ ಬೆನ್ನೆಲುಬು. ಷರೀಫರ ಪದದ ಕೊನೆಯಲ್ಲಿ ಬರುವುದು ಷರೀಫರ ಹೆಸರಲ್ಲ, ಶಿಶುನಾಳಾಧೀಶನೆಂಬ ಅಂಕಿತ, ತಮ್ಮೂರ ದೈವದ ಹೆಸರು. ಊರಿನ ಹೆಸರು ಅಲ್ಲಿಯೂ ಇದೆ, ಇಲ್ಲಿಯೂ ಇದೆ. ಅಲ್ಲಿ ನಾನು ಎಂಬುದು ಮಾತ್ರ ಇಲ್ಲ. ಆದರೆ ಹೆಸರನ್ನು ಅಳಿಸಿಕೊಳ್ಳುವ ಸ್ವಾತಂತ್ರ್ಯ ಮೊದಲು ಹೆಸರೊಂದು ಇದ್ದವನಿಗೆ ಮಾತ್ರ ಉಂಟು. ಬಾಗಿಲಲ್ಲಿ ಊಟದ ಪೊಟ್ಟಣ ಪಡೆದು ಮುಖವನ್ನೂ ನೋಡದೆ ಕದ ಹಾಕಿಕೊಳ್ಳುವ ನಾವು, ಹೆಸರು ಕೂಗಿಕೊಳ್ಳುವುದನ್ನು ಆ ಹುಡುಗನ ಅಹಂಕಾರವೆಂದು ಆಕ್ಷೇಪಿಸುವುದು ನ್ಯಾಯವಲ್ಲ.

ಷರೀಫರ ಸಂಸಾರ ಬಹುಕಾಲ ಬಾಳಲಿಲ್ಲ. ಕುಂದಗೋಳದ ಫಾತಿಮಾ ಅವರ ಪತ್ನಿ. ಒಬ್ಬಳು ಮಗಳು ಹುಟ್ಟಿದಳು. ಮಗಳೂ ಉಳಿಯಲಿಲ್ಲ, ಪತ್ನಿಯೂ ಉಳಿಯಲಿಲ್ಲ. ಇದಾದ ಮೇಲೆ ಅವರು ಪೂರ್ತಿಯಾಗಿ ಅಲೆಮಾರಿಯಾದರು. ನವಲಗುಂದದ ನಾಗಲಿಂಗ ಸ್ವಾಮಿಗಳು, ಹುಬ್ಬಳ್ಳಿಯ ಸಿದ್ಧಾರೂಢರು ಮೊದಲಾದ ಸಮಕಾಲೀನರ ಒಡನಾಟ ದೊರೆಯಿತು. ದಮ್ಮಡಿ, ಏಕತಾರಿ, ತಾಳ ಹಿಡಿದ ಜೊತೆಗಾರರು ಸದಾ ಸುತ್ತಲಿದ್ದರು. ದುಡ್ಡು ಮಾತ್ರ ದೊರೆಯಲಿಲ್ಲ, ಸಾಲ ಬೆಳೆಯಿತು. ತಾವು ಬಿಟ್ಟ ಮಾಸ್ತರಿಕೆಯ ಬಗ್ಗೆ ಅವರು ಮರುಗಿದ ಸುಳಿವು ಪದಗಳಲ್ಲಿ ನನಗೆ ಸಿಕ್ಕಿಲ್ಲ.

ಕೊನೆಗಾಲದಲ್ಲಿ ಅವರು ಜಂಗಮರ ಪಾದವನ್ನು ತಲೆಯ ಮೇಲೆ ಇರಿಸಿಕೊಳ್ಳಬಯಸಿದರೆಂದೂ, ಹಿರೇಮಠದ ಅಯ್ಯನವರು ಮೊದಲು ಹಿಂಜರಿದು ಆಮೇಲೆ ಒಪ್ಪಿದರೆಂದೂ ಹೇಳುತ್ತಾರೆ. ಸಮಾಧಿಯ ಹೊತ್ತಿಗೆ ಒಂದು ಕಡೆ ಕುರಾನಿನ ಪಠಣ, ಮತ್ತೊಂದು ಕಡೆ ಮಂತ್ರ. ಬದುಕಿದ್ದಾಗ ಅವರನ್ನು ದೂರವಿಟ್ಟ ಎರಡೂ ಸಮುದಾಯಗಳು ಸತ್ತ ಮೇಲೆ ನಮ್ಮವರೆಂದು ಒಟ್ಟಾಗಿ ಮಣ್ಣು ಹಾಕಿದವು. ಶಿಶುನಾಳದ ಗದ್ದುಗೆಗೆ ಇಂದಿಗೂ ಇಬ್ಬರೂ ಬರುತ್ತಾರೆ.

ಪದಗಳು ಉಳಿದದ್ದು ಹೆಚ್ಚಾಗಿ ಬಾಯಿಂದ ಬಾಯಿಗೆ. ಅಚ್ಚಿಗೆ ಬಂದದ್ದು ಬಹಳ ತಡವಾಗಿ. ಹಾಗಾಗಿ ಒಂದೇ ಪದಕ್ಕೆ ಒಂದೂರಲ್ಲಿ ಮೂರು ನುಡಿ, ಇನ್ನೊಂದೂರಲ್ಲಿ ಐದು. ಒಂದು ಸಂಕಲನದ ಸಾಲು ಇನ್ನೊಂದರಲ್ಲಿ ಬೇರೆ. ಅವುಗಳಲ್ಲಿ ಯಾವುದು ಷರೀಫರದು, ಯಾವುದು ಅವರ ಪಕ್ಕದಲ್ಲಿ ತಾಳ ಹಿಡಿದು ಕುಳಿತಿದ್ದ ಮೇಳದವರದು ಎಂದು ಬೇರ್ಪಡಿಸುವುದು ವಿದ್ವಾಂಸರಿಗೆ ಇನ್ನೂ ಸಾಧ್ಯವಾಗಿಲ್ಲ.