ಮೋಟಾರು ಶಿಲ್ಪಿ ಎಟೊರೆ ಬುಗಾಟಿ

ಕಾರ್ಖಾನೆಯ ವಸ್ತುವೆಂದರೆ ಒಂದರಂತೆಯೇ ಇನ್ನೊಂದು ಇರತಕ್ಕದ್ದು ಎಂಬುದು ನಮ್ಮ ಸಾಮಾನ್ಯ ತಿಳಿವಳಿಕೆ. ಭಟ್ಕಳದಿಂದ ಹೊನ್ನಾವರದ ಮೇಲೆ ಕುಮಟೆಗೆ ಹೋಗುವ ಹೆದ್ದಾರಿಯ ಬದಿಯಲ್ಲಿ ಅರ್ಧ ಗಂಟೆ ನಿಂತರೆ ಸಾಕು, ಒಂದೇ ಅಚ್ಚಿನಲ್ಲಿ ಎರೆದಂತಹ ಮೋಟಾರು ಗಾಡಿಗಳು ನೂರಾರು ಕಣ್ಣ ಮುಂದೆ ಹಾದುಹೋಗುತ್ತವೆ. ಅವುಗಳಲ್ಲಿ ಯಾವುದೊಂದನ್ನೂ ಬೇರ್ಪಡಿಸಿ ನೆನಪಿನಲ್ಲಿಡಲು ನಮಗೆ ಕಾರಣವಿರುವುದಿಲ್ಲ. ಆದರೆ ಕಾರ್ಖಾನೆಯಲ್ಲಿಯೇ ಹುಟ್ಟಿ, ಬೆರಳೆಣಿಕೆಯಷ್ಟೇ ಸಂಖ್ಯೆಯಲ್ಲಿದ್ದು, ವೇಗದಿಂದಲೂ ರೂಪದಿಂದಲೂ ತಲೆಮಾರುಗಳ ನೆನಪಿನಲ್ಲಿ ಉಳಿದ ಗಾಡಿಗಳೂ ಇವೆ. ಬೆಂಗಳೂರಿನ ಸಿಪಾನಿ ಕಾರ್ಖಾನೆಯವರು ೧೯೮೦ರ ದಶಕದಲ್ಲಿ ತಯಾರಿಸಿದ ಡಾಲ್ಫಿನ್ ಎಂಬ ಪುಟ್ಟ ಕಾರು ನಮ್ಮ ನಾಡಿನಲ್ಲಿಯೇ ದೊರೆಯುವ ಒಂದು ಸಣ್ಣ ನಿದರ್ಶನ. ಗಾಜಿನ ನಾರಿನ ಹಗುರ ಮೈಯ ಆ ಕಾರು ಮಾರುಕಟ್ಟೆಯಲ್ಲಿ ನೆಲೆ ನಿಲ್ಲಲಿಲ್ಲ. ರ‍್ಯಾಲಿ ಪಂದ್ಯಗಳಲ್ಲಿ ಅದು ಓಡಿದ ಬಗೆಯನ್ನು ಮಾತ್ರ ಮೋಟಾರುಪ್ರಿಯರು ಇಂದಿಗೂ ಮರೆತಿಲ್ಲ. ಇಂತಹ ಅಪೂರ್ವ ಗಾಡಿಗಳ ನಿರ್ಮಾತೃಗಳಲ್ಲಿ ಲೋಕವು ಅಗ್ರಸ್ಥಾನವನ್ನಿತ್ತು ಗೌರವಿಸಿರುವುದು ಎಟೊರೆ ಬುಗಾಟಿಯವರಿಗೆ. ಅವರ ಜೀವನವನ್ನು ಸಂಕ್ಷೇಪವಾಗಿ ನಿರೂಪಿಸುವುದೂ, ಸುಂದರವಾದ ವಸ್ತುವೊಂದು ಅದನ್ನು ಕಲ್ಪಿಸಿದವನದೋ, ಕೈಯಾರೆ ಮಾಡಿದವರದೋ ಎಂಬ ಪ್ರಶ್ನೆಯನ್ನು ಆ ಜೀವನದ ಬೆಳಕಿನಲ್ಲಿ ನೋಡುವುದೂ ಈ ಲೇಖನದ ಉದ್ದೇಶ.

ಬುಗಾಟಿಯವರು ೧೮೮೧ನೆಯ ಇಸವಿಯ ಸಪ್ಟೆಂಬರ್ ೧೫ರಂದು ಇಟಲಿ ದೇಶದ ಮಿಲಾನ್ ನಗರದಲ್ಲಿ ಜನಿಸಿದರು. ತಂದೆ ಕಾರ್ಲೊ ಬುಗಾಟಿ ಮರದ ಪೀಠೋಪಕರಣಗಳ ರಚನೆಯಲ್ಲಿ ಯುರೋಪಿನಲ್ಲೆಲ್ಲ ಹೆಸರಾಗಿದ್ದ ಕಲಾವಿದರು. ೧೮೮೪ರಲ್ಲಿ ಹುಟ್ಟಿದ ತಮ್ಮ ರೆಂಬ್ರಾಂಟ್ ಮುಂದೆ ಪ್ರಾಣಿಗಳ ಕಂಚಿನ ಶಿಲ್ಪಗಳಿಂದ ಕೀರ್ತಿವಂತನಾದನು. ನಮ್ಮ ಸೀಮೆಯ ಗುಡಿಗಾರರ ಮನೆಗಳನ್ನು ಕಂಡವರಿಗೆ ಇಂತಹ ಕುಟುಂಬವನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಅಲ್ಲಿ ಒಬ್ಬರು ಗಂಧದ ತುಂಡಿನಲ್ಲಿ ದೇವರ ಮೂರ್ತಿಯನ್ನು ಕೆತ್ತುತ್ತಿದ್ದರೆ ಇನ್ನೊಬ್ಬರು ಬೆಂಡಿನ ಬಾಸಿಂಗ ಕಟ್ಟುತ್ತಿರುತ್ತಾರೆ. ಮಗು ಅಕ್ಷರ ಕಲಿಯುವುದಕ್ಕೆ ಮೊದಲೇ ಉಳಿಯ ಸದ್ದನ್ನು ಕಲಿಯುತ್ತದೆ. ಎಟೊರೆಯವರ ಕಣ್ಣು ತಿದ್ದಿದುದು ಇಂತಹುದೇ ವಾತಾವರಣದಲ್ಲಿ. ತಮ್ಮನ ಕೈಯಲ್ಲಿದ್ದ ಪ್ರತಿಭೆಯನ್ನು ಕಂಡು ಶಿಲ್ಪವನ್ನು ಅವನಿಗೆ ಬಿಟ್ಟುಕೊಟ್ಟು ಅಣ್ಣನು ಯಂತ್ರಗಳ ಕಡೆಗೆ ತಿರುಗಿದನೆಂದು ಹೇಳುತ್ತಾರೆ.

ಹದಿನೇಳರ ಸುಮಾರಿಗೆ ಅವರು ಮಿಲಾನಿನ ಪ್ರಿನೆಟ್ಟಿ ಮತ್ತು ಸ್ಟುಕ್ಕಿ ಎಂಬ ಸಂಸ್ಥೆಯಲ್ಲಿ ಕೆಲಸ ಕಲಿಯಲು ಸೇರಿದರು. ಯಾವ ಇಂಜಿನಿಯರಿಂಗ್ ವಿದ್ಯಾಲಯದ ಪದವಿಯೂ ಅವರಲ್ಲಿರಲಿಲ್ಲ. ಆದರೂ ೧೯೦೧ರಲ್ಲಿ ಮಿಲಾನಿನ ಪ್ರದರ್ಶನದಲ್ಲಿ ಅವರು ರಚಿಸಿದ ಕಾರಿಗೆ ಬಹುಮಾನ ಬಂದಿತು. ಅದನ್ನು ಕಂಡ ದ ದೀತ್ರಿಶ್ ಸಂಸ್ಥೆಯವರು ಆಲ್ಸೇಸ್ ಪ್ರಾಂತಕ್ಕೆ ಅವರನ್ನು ಕರೆಸಿಕೊಂಡರು. ಆಗ ಬುಗಾಟಿಯವರಿಗೆ ಇನ್ನೂ ಪ್ರಾಪ್ತ ವಯಸ್ಸಾಗಿರಲಿಲ್ಲವಾದುದರಿಂದ ಕರಾರುಪತ್ರಕ್ಕೆ ತಂದೆಯೇ ರುಜು ಹಾಕಬೇಕಾಯಿತು. ಅನಂತರ ಸ್ಟ್ರಾಸ್‌ಬರ್ಗಿನ ಮಾಥಿಸ್, ಕಲೋನ್ ನಗರದ ಡಾಯ್ಟ್ಸ್ ಎಂದು ಕೆಲವು ವರ್ಷ ಪರರ ಕಾರ್ಖಾನೆಗಳಲ್ಲಿ ದುಡಿದರು. ಹಗಲು ಒಡೆಯರಿಗಾಗಿ ಭಾರವಾದ ಗಾಡಿಗಳನ್ನು ರಚಿಸುತ್ತ, ಬಿಡುವಿನ ವೇಳೆಯಲ್ಲಿ ಕಲೋನಿನ ತಮ್ಮ ಮನೆಯ ನೆಲಮಾಳಿಗೆಯಲ್ಲಿ ತಮ್ಮದೇ ಆದ ಹಗುರ ಕಾರೊಂದನ್ನು ಜೋಡಿಸಿದರು. ಉತ್ತಮ ತಳಿಯ ಕುದುರೆಗಳೆಂದರೆ ಅವರಿಗೆ ಪ್ರಾಣ. ಆ ಪುಟ್ಟ ಕಾರನ್ನೂ ಶುದ್ಧ ತಳಿಯ ಕುದುರೆಯ ಹೆಸರಿನಿಂದಲೇ ಕರೆದರು.

೧೯೦೯ರ ಕೊನೆಯಲ್ಲಿ ಆಲ್ಸೇಸಿನ ಮೋಲ್ಸೈಮ್ ಎಂಬ ಸಣ್ಣ ಊರಿನಲ್ಲಿ ಪಾಳುಬಿದ್ದಿದ್ದ ಬಣ್ಣದ ಕಾರ್ಖಾನೆಯೊಂದನ್ನು ಬಾಡಿಗೆಗೆ ಹಿಡಿದು ಅವರು ಸ್ವತಂತ್ರರಾದರು. ಆ ಪ್ರಾಂತವು ಅಂದು ಜರ್ಮನಿಗೆ ಸೇರಿದ್ದಿತು. ಮೊದಲನೆಯ ಮಹಾಯುದ್ಧದ ಅನಂತರ ಫ್ರಾನ್ಸಿಗೆ ಮರಳಿತು. ೧೯೧೧ರಲ್ಲಿ ಫ್ರಾನ್ಸಿನಲ್ಲಿ ನಡೆದ ಪಂದ್ಯವೊಂದರಲ್ಲಿ ದೈತ್ಯಾಕಾರದ ಫಿಯಟ್ ಗಾಡಿ ಮೊದಲು ಬಂದಿತು. ಅದರ ಹಿಂದೆಯೇ ಎರಡನೆಯದಾಗಿ ಬಂದುದು ಅರ್ನೆಸ್ಟ್ ಫ್ರಿದೆರಿಕ್ ಎಂಬ ಕೆಲಸಗಾರನು ನಡೆಸಿದ, ಒಂದೂಕಾಲು ಲೀಟರಿಗಿಂತ ತುಸುವೇ ಹೆಚ್ಚಿನ ಎಂಜಿನ್ನಿನ ಬುಗಾಟಿ. ಆನೆಯ ಬೆನ್ನಿಗೆ ಜಿಂಕೆ ಬಂದಂತಾಯಿತು. ಶಕ್ತಿಯನ್ನು ಹೆಚ್ಚಿಸುವುದರ ಬದಲು ಭಾರವನ್ನು ಇಳಿಸಿದರೂ ವೇಗ ಒದಗುತ್ತದೆಂಬ ಸೂತ್ರವನ್ನು ಲೋಕವು ಅಂದು ಪ್ರತ್ಯಕ್ಷ ಕಂಡಿತು. ೧೯೨೧ರಲ್ಲಿ ಇಟಲಿಯ ಬ್ರೆಶಿಯಾದಲ್ಲಿ ಮೊದಲ ನಾಲ್ಕು ಸ್ಥಾನಗಳನ್ನೂ ಅವರ ಕಾರುಗಳೇ ಪಡೆದವು.

ಮೋಲ್ಸೈಮಿನ ಕಾರ್ಖಾನೆಯ ಪದ್ಧತಿ ಬೇರೆಲ್ಲಿಯೂ ಇಲ್ಲದಂತಹುದು. ಅಮೆರಿಕದಲ್ಲಿ ಹೆನ್ರಿ ಫೋರ್ಡರು ಚಲಿಸುವ ಪಟ್ಟಿಯ ಮೇಲೆ ಲಕ್ಷಗಟ್ಟಲೆ ಕಾರುಗಳನ್ನು ಜೋಡಿಸುತ್ತಿದ್ದ ಕಾಲದಲ್ಲಿ, ಇಲ್ಲಿ ಒಂದೊಂದು ಎಂಜಿನ್ನಿನ ಮುಖವನ್ನೂ ಕುಶಲಕರ್ಮಿಗಳು ಕೈಯಿಂದ ಕೆರೆದು ಸಮಮಾಡುತ್ತಿದ್ದರು. ಲೋಹಕ್ಕೆ ಲೋಹವು ಕೂದಲೆಳೆಯ ಸಂದೂ ಇಲ್ಲದಂತೆ ಕೂಡುತ್ತಿದ್ದುದರಿಂದ ನಡುವೆ ಪ್ಯಾಕಿಂಗ್ ಇಡುವ ಅಗತ್ಯ ಎಷ್ಟೋ ಕಡೆ ಬೀಳುತ್ತಿರಲಿಲ್ಲ. ಮುಂದಿನ ಅಚ್ಚನ್ನು ಟೊಳ್ಳಾಗಿ ಬಡಿದು ಮಾಡಿ, ಸ್ಪ್ರಿಂಗನ್ನು ಅದರೊಳಗಿಂದಲೇ ತೂರಿಸಿ ತರುತ್ತಿದ್ದರು. ಕೆಲಸಗಾರರು ಹಿಡಿಯುವ ವೈಸು ಕೂಡ ಒಡೆಯರೇ ರೂಪಿಸಿದುದು. ಅದರ ಮೇಲೆ ಅವರ ಹೆಸರಿನ ಮೊದಲ ಅಕ್ಷರಗಳು. ಯಂತ್ರದ ಯಾರಿಗೂ ಕಾಣದ ಮಗ್ಗುಲೂ ಅಂದವಾಗಿರಬೇಕೆಂಬುದು ಅವರ ಹಟ. ಆ ಹಟವನ್ನು ನಿಜಮಾಡಿದ್ದು ಅರವನ್ನೂ ಕೆರೆಯುಳಿಯನ್ನೂ ಹಿಡಿದ ಆಲ್ಸೇಸಿನ ಕಾರ್ಮಿಕರ ಕೈ ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕೆಂದು ವಿನಂತಿ.

೧೯೨೪ರಲ್ಲಿ ಹೊರಬಂದ ಮೂವತ್ತೈದನೆಯ ಮಾದರಿಯು ಬುಗಾಟಿಯವರ ಕೀರ್ತಿಶಿಖರ. ಎರಡು ಲೀಟರಿನ ಎಂಟು ಸಿಲಿಂಡರುಗಳ ಎಂಜಿನ್ನು, ಬ್ರೇಕಿನ ಡ್ರಮ್ಮಿನೊಡನೆ ಒಂದಾಗಿ ಎರಕ ಹೊಯ್ದ ಅಲ್ಯುಮಿನಿಯಮ್ ಚಕ್ರಗಳು, ಕುದುರೆಯ ಲಾಳವನ್ನು ಹೋಲುವ ರೇಡಿಯೇಟರು ಇದರ ಲಕ್ಷಣಗಳು. ಲಿಯೋನ್ ನಗರದ ಮೊದಲ ಪಂದ್ಯದಲ್ಲಿ ಟಯರುಗಳು ಕೈಕೊಟ್ಟು ಸೋಲಾಯಿತಾದರೂ, ಸಿಸಿಲಿ ದ್ವೀಪದ ತಾರ್ಗಾ ಫ್ಲೋರಿಯೋ ಪಂದ್ಯವನ್ನು ೧೯೨೫ರಿಂದ ೧೯೨೯ರವರೆಗೆ ಐದು ವರ್ಷ ಸಾಲಾಗಿ ಬುಗಾಟಿ ಕಾರುಗಳೇ ಗೆದ್ದವು. ಆ ಪಂದ್ಯವೆಂದರೆ ನಮ್ಮ ದೇವಿಮನೆ ಘಟ್ಟದಂತಹ ತಿರುವುಗಳ ಕಚ್ಚಾ ರಸ್ತೆಯಲ್ಲಿ ಸುತ್ತಿಗೆ ೧೦೮ ಕಿಲೋಮೀಟರಿನಂತೆ ಐದು ಸುತ್ತು. ೧೯೨೮ರಲ್ಲಿ ಚೆಕೊಸ್ಲೊವಾಕಿಯದ ಎಲಿಷ್ಕಾ ಯುಂಕೋವಾ ಎಂಬ ಮಹಿಳೆಯು ಅದೇ ದಾರಿಯಲ್ಲಿ ಬುಗಾಟಿಯನ್ನು ನಡೆಸಿ, ಒಂದು ಹಂತದಲ್ಲಿ ಎಲ್ಲ ಗಂಡಸರನ್ನೂ ಹಿಂದಿಕ್ಕಿ, ಕೊನೆಗೆ ಐದನೆಯವಳಾಗಿ ಬಂದಳು. ಈ ಮಾದರಿಯ ವಿಶೇಷವೇನೆಂದರೆ, ಪಂದ್ಯ ಗೆಲ್ಲುವ ಕಾರನ್ನೇ ಹಣ ತೆತ್ತವರು ಕಾರ್ಖಾನೆಯಿಂದ ಕೊಂಡು ಮನೆಗೆ ಒಯ್ಯಬಹುದಾಗಿದ್ದಿತು.

ಯಶಸ್ಸಿನ ಬೆನ್ನಿಗೇ ಅತಿಯಾಸೆಯೂ ಬಂದಿತು. ರಾಜಮಹಾರಾಜರಿಗೆಂದು ರೊಯಾಲ್ ಎಂಬ ಮಹಾವಾಹನವನ್ನು ಅವರು ಸಂಕಲ್ಪಿಸಿದರು. ಸುಮಾರು ೬.೪ ಮೀಟರು ಉದ್ದ. ಎಂಜಿನ್ನಿನ ಅಳತೆ ೧೨.೭ ಲೀಟರು, ಎಂದರೆ ಇಂದಿನ ಹತ್ತು ಸಣ್ಣ ಕಾರುಗಳ ಎಂಜಿನ್ನುಗಳನ್ನು ಕೂಡಿಸಿದಷ್ಟು. ಮೂತಿಯ ಮೇಲೆ ಸೊಂಡಿಲೆತ್ತಿದ ಆನೆಯ ಪುಟ್ಟ ಮೂರ್ತಿ. ೧೯೧೬ರಲ್ಲಿ ಪ್ಯಾರಿಸಿನಲ್ಲಿ ತನ್ನ ಪ್ರಾಣವನ್ನು ತಾನೇ ಕಳೆದುಕೊಂಡ ತಮ್ಮ ರೆಂಬ್ರಾಂಟನ ಕೈಯ ಶಿಲ್ಪವದು. ಇಪ್ಪತ್ತೈದು ಕಾರುಗಳ ಎಣಿಕೆಯಿದ್ದರೂ ಸಿದ್ಧವಾದುದು ಆರು. ೧೯೨೯ರ ಆರ್ಥಿಕ ಕುಸಿತವು ಕೊಳ್ಳುವವರ ಕೈಯನ್ನು ಕಟ್ಟಿತ್ತು. ಮೂರು ಮಾತ್ರ ಹೊರಗಿನವರಿಗೆ ಮಾರಾಟವಾದವು. ಹೆಸರು ರಾಜರದಾದರೂ ಕೊಂಡವರಲ್ಲಿ ಒಬ್ಬ ರಾಜನೂ ಇರಲಿಲ್ಲ.

ಕಾರ್ಖಾನೆ ಮುಚ್ಚುವ ಸ್ಥಿತಿ ಬಂದಾಗ ಅದನ್ನು ಕಾಪಾಡಿದುದು ರೈಲು. ರೊಯಾಲಿಗೆಂದು ತಯಾರಿಸಿದ ಎಂಜಿನ್ನುಗಳನ್ನು ಎರಡೋ ನಾಲ್ಕೋ ಕೂಡಿಸಿ ರೈಲುಗಾಡಿಗೆ ಅಳವಡಿಸಿ, ೧೯೩೩ರಿಂದ ಫ್ರಾನ್ಸಿನ ರೈಲ್ವೆಗೆ ಒದಗಿಸಿದರು. ಅಂತಹದೊಂದು ಗಾಡಿ ೧೯೩೪ರಲ್ಲಿ ಗಂಟೆಗೆ ೧೯೬ ಕಿಲೋಮೀಟರು ಓಡಿತು. ನಮ್ಮೂರ ಕೊಂಕಣ ರೈಲುಹಳಿಯ ಮೇಲೆ ಇಂದಿಗೂ ಯಾವ ಪ್ರಯಾಣಿಕರ ಗಾಡಿಯೂ ಆ ವೇಗವನ್ನು ಮುಟ್ಟುವುದಿಲ್ಲ. ರಾಜರಿಗೆಂದು ಹುಟ್ಟಿದ ಯಂತ್ರವು ಟಿಕೇಟು ಕೊಂಡ ಸಾಮಾನ್ಯರನ್ನು ಹೊತ್ತು ತನ್ನ ಕೂಲಿಯನ್ನು ಗಳಿಸಿತು.

ಇಷ್ಟರಲ್ಲಿ ಹಿರಿಯ ಮಗ ಜೀನ್ ತಂದೆಯ ಬಲಗೈಯಾಗಿ ಬೆಳೆದಿದ್ದನು. ಅವನು ರೂಪಿಸಿದ ಅಟ್ಲಾಂಟಿಕ್ ಎಂಬ ಕಾರಿನ ಮೈಯ ಎರಡು ಪಾಲುಗಳನ್ನು ನಡುಬೆನ್ನಿನ ಮೇಲೆ ಸಾಲು ರಿವೆಟ್ಟುಗಳಿಂದ ಕೂಡಿಸಿದೆ. ನಮ್ಮ ಕರಾವಳಿಯ ದೋಣಿಯನ್ನು ಮಗುಚಿ ಹಾಕಿದಾಗ ಕಾಣುವ ನಡುಗೆರೆಯನ್ನು ಅದು ನೆನಪಿಗೆ ತರುತ್ತದೆ. ೧೯೩೬ರಿಂದ ೧೯೩೮ರ ಒಳಗೆ ಅಂತಹ ನಾಲ್ಕು ಕಾರುಗಳಷ್ಟೇ ಹುಟ್ಟಿದವು. ಅವುಗಳಲ್ಲೊಂದು ಎರಡನೆಯ ಮಹಾಯುದ್ಧದ ಗೊಂದಲದಲ್ಲಿ ಕಣ್ಮರೆಯಾದುದು ಇಂದಿಗೂ ಸಿಕ್ಕಿಲ್ಲ.

ಆ ೧೯೩೬ನೆಯ ಇಸವಿಯೇ ಬುಗಾಟಿಯವರ ಬಾಳಿನ ತಿರುವು. ಅಂದು ಫ್ರಾನ್ಸಿನ ಕಾರ್ಖಾನೆಗಳಲ್ಲೆಲ್ಲ ಮುಷ್ಕರ ಹಬ್ಬಿತು. ವಾರಕ್ಕೆ ನಲವತ್ತು ಗಂಟೆಯ ದುಡಿಮೆ, ವರ್ಷಕ್ಕೆ ಎರಡು ವಾರ ಸಂಬಳಸಹಿತ ರಜೆ ಎಂಬ ಹಕ್ಕುಗಳನ್ನು ಕಾರ್ಮಿಕರು ಪಡೆದುದು ಆ ಬೇಸಗೆಯಲ್ಲಿ. ಮೋಲ್ಸೈಮಿನ ಕೆಲಸಗಾರರೂ ಕೆಲಸ ನಿಲ್ಲಿಸಿದರು. ತಾವು ಕುಟುಂಬದ ಯಜಮಾನರೆಂದೂ ಕೆಲಸಗಾರರು ಮಕ್ಕಳೆಂದೂ ನಂಬಿದ್ದ ಬುಗಾಟಿಯವರಿಗೆ ಇದು ಎದೆಗೆ ತಗಲಿದ ಪೆಟ್ಟಾಯಿತು. ಕಾರ್ಖಾನೆಯನ್ನು ಜೀನನ ಕೈಗೆ ಒಪ್ಪಿಸಿ ಅವರು ಪ್ಯಾರಿಸಿನಲ್ಲಿಯೇ ಹೆಚ್ಚಾಗಿ ನೆಲಸಿದರು. ಎಂಜಿನ್ನಿನ ಕೂದಲೆಳೆಯ ಸಂದನ್ನೂ ಗುರುತಿಸಬಲ್ಲ ಆ ಸೂಕ್ಷ್ಮದೃಷ್ಟಿಗೆ, ಅದನ್ನು ಕೆರೆದು ಮುಚ್ಚಿದ ಮನುಷ್ಯನಿಗೂ ಒಂದು ಮನೆ, ಒಂದು ವಿಶ್ರಾಂತಿ ಬೇಕೆಂಬುದು ಕಾಣದೆಹೋದುದು ವಿಷಾದದ ಸಂಗತಿ.

ಮುಂದಿನ ವರ್ಷಗಳು ದುಃಖದವು. ೧೯೩೭ರಲ್ಲಿಯೂ ೧೯೩೯ರಲ್ಲಿಯೂ ಲ ಮಾನ್ ಊರಿನ ಇಪ್ಪತ್ತನಾಲ್ಕು ಗಂಟೆಗಳ ಪಂದ್ಯವನ್ನು ಬುಗಾಟಿ ಗೆದ್ದಿತು. ಎರಡನೆಯ ಸಲ ಗೆದ್ದ ಕಾರನ್ನೇ ೧೯೩೯ರ ಆಗಸ್ಟ್ ೧೧ರಂದು ಮೋಲ್ಸೈಮಿನ ಬಳಿ ಪರೀಕ್ಷಿಸುತ್ತಿದ್ದಾಗ, ದಾರಿಗೆ ಅಡ್ಡ ಬಂದ ಸೈಕಲ್ ಸವಾರನೊಬ್ಬನನ್ನು ತಪ್ಪಿಸಲು ಹೋಗಿ ಜೀನ್ ಪ್ರಾಣ ಬಿಟ್ಟನು. ಅವನಿಗೆ ಮೂವತ್ತೇ ವರ್ಷ. ಕೆಲವೇ ವಾರಗಳಲ್ಲಿ ಮಹಾಯುದ್ಧ ಸುರುವಾಯಿತು. ಆಲ್ಸೇಸನ್ನು ಹಿಡಿದ ಜರ್ಮನರು ಕಾರ್ಖಾನೆಯನ್ನು ಬಲವಂತದಿಂದ ಕೊಂಡರು. ಯುದ್ಧ ಮುಗಿದ ಮೇಲೆ, ಬುಗಾಟಿಯವರು ಇಟಲಿಯ ಪ್ರಜೆಯೆಂಬ ಕಾರಣದಿಂದ ಫ್ರಾನ್ಸ್ ಸರಕಾರವು ಅದನ್ನು ವಶಪಡಿಸಿಕೊಂಡಿತು. ೧೯೪೬ರಲ್ಲಿ ಅವರು ಫ್ರೆಂಚ್ ಪೌರತ್ವವನ್ನು ಪಡೆದರು. ೧೯೪೭ರಲ್ಲಿ ನ್ಯಾಯಾಲಯವು ಕಾರ್ಖಾನೆಯನ್ನು ಅವರಿಗೆ ಮರಳಿಸಿತಾದರೂ, ಅದರ ಫಲವನ್ನು ಉಣ್ಣುವ ಯೋಗ ಅವರಿಗಿರಲಿಲ್ಲ. ಅದೇ ಆಗಸ್ಟ್ ೨೧ರಂದು ಪ್ಯಾರಿಸ್ ಬಳಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಮೋಲ್ಸೈಮಿನ ಪಕ್ಕದ ದೊರ್ಲಿಸೈಮಿನಲ್ಲಿ ಅವರ ಸಮಾಧಿಯಿದೆ. ಅವರ ಹಳೆಯ ಕಾರ್ಖಾನೆಯಿಂದ ಹೊರಬಂದ ಕಾರುಗಳು ಒಟ್ಟು ಸುಮಾರು ೮ ಸಾವಿರ. ಇಂದು ಅದೇ ಊರಿನಲ್ಲಿ ಅದೇ ಹೆಸರಿನಿಂದ ಅತಿವೇಗದ ಕಾರುಗಳು ತಯಾರಾಗುತ್ತಿವೆ; ಆ ಹೆಸರನ್ನು ೧೯೯೮ರಲ್ಲಿ ಕೊಂಡವರು ಜರ್ಮನಿಯ ಫೋಕ್ಸ್‌ವ್ಯಾಗನ್ ಸಂಸ್ಥೆಯವರು.

ಕಥೆಗೆ ಇನ್ನೊಂದು ಅಧ್ಯಾಯವಿದೆ. ಮೋಲ್ಸೈಮಿನಂತೆ ಆಲ್ಸೇಸಿನಲ್ಲಿಯೇ ಇರುವ ಮುಲೂಸ್ ಪಟ್ಟಣದಲ್ಲಿ ಉಣ್ಣೆಯ ಗಿರಣಿಗಳ ಒಡೆಯರಾದ ಶ್ಲುಂಪ್ಫ್ ಸೋದರರು, ಗಿರಣಿಯ ಹಳೆಯ ಕಟ್ಟಡವೊಂದರಲ್ಲಿ ಬಹು ಗುಟ್ಟಾಗಿ ನಾನೂರಕ್ಕೂ ಹೆಚ್ಚು ಕಾರುಗಳನ್ನು ಕೂಡಿಹಾಕಿದ್ದರು. ಅವುಗಳಲ್ಲಿ ನೂರಕ್ಕೂ ಮೇಲ್ಪಟ್ಟು ಬುಗಾಟಿಗಳು. ಆರು ರೊಯಾಲುಗಳಲ್ಲಿ ಎರಡು ಅಲ್ಲಿಯೇ ಇದ್ದವು. ಗಿರಣಿಗಳು ದಿವಾಳಿಯಾಗಿ ಕೆಲಸ ಕಳೆದುಕೊಂಡ ಕಾರ್ಮಿಕರು ೧೯೭೭ರ ಮಾರ್ಚಿಯಲ್ಲಿ ಆ ಕಟ್ಟಡದೊಳಗೆ ನುಗ್ಗಿದಾಗ ಅವರ ಕಣ್ಣಿಗೆ ಬಿದ್ದುದು, ಥಳಥಳಿಸುವ ದೀಪಗಳ ಕೆಳಗೆ ಸಾಲಾಗಿ ನಿಂತ ಈ ಸಂಪತ್ತು. ಅವರು ಎರಡು ವರ್ಷ ಆ ಕಟ್ಟಡವನ್ನು ತಮ್ಮ ವಶದಲ್ಲಿಟ್ಟುಕೊಂಡು ಸಾರ್ವಜನಿಕರಿಗೆ ಬಾಗಿಲು ತೆರೆದರು. ೧೯೭೮ರಲ್ಲಿ ಫ್ರಾನ್ಸ್ ದೇಶವು ಆ ಸಂಗ್ರಹಕ್ಕೆ ಐತಿಹಾಸಿಕ ಸ್ಮಾರಕದ ರಕ್ಷಣೆಯನ್ನು ಕೊಟ್ಟಿತು. ೧೯೮೨ರಲ್ಲಿ ಅದು ಮೋಟಾರು ವಸ್ತುಸಂಗ್ರಹಾಲಯವಾಯಿತು. ಕಾರುಗಳನ್ನು ಮಾಡಿದವರು ಒಂದೂರಿನ ಕಾರ್ಮಿಕರು. ಅವುಗಳ ಬೆಲೆಯನ್ನು ದುಡಿದು ತೆತ್ತವರು ಇನ್ನೊಂದೂರಿನ ಕಾರ್ಮಿಕರು.

ಬುಗಾಟಿಯವರ ಹಿರಿಮೆಯನ್ನು ಕುಗ್ಗಿಸುವುದು ನನ್ನ ಉದ್ದೇಶವಲ್ಲ. ಅವರ ಕಣ್ಣಿಲ್ಲದಿದ್ದರೆ ಆ ಕೈಗಳು ಬೇರೆಲ್ಲಿಯೋ ಸಾಮಾನ್ಯ ತಿರುಪುಗಳನ್ನು ಕಡೆಯುತ್ತಿದ್ದವು. ಆದರೆ ಆ ಕೈಗಳಿಲ್ಲದಿದ್ದರೆ ಅವರ ಕಲ್ಪನೆಯು ಕಾಗದದ ಮೇಲೆಯೇ ಉಳಿಯುತ್ತಿದ್ದಿತು ಎಂಬುದೂ ಅಷ್ಟೇ ನಿಜ. ಕೈಕೆಲಸದಿಂದಲೇ ಹೊಟ್ಟೆ ಹೊರೆದ ಮನೆತನದಿಂದ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ನನಗೆ, ಈ ಎರಡನೆಯ ಸತ್ಯವನ್ನು ಬಿಟ್ಟು ಮೊದಲನೆಯದನ್ನು ಮಾತ್ರ ಹೇಳುವುದು ಸಾಧ್ಯವಾಗಲಿಲ್ಲ. ಗಂಧದ ಪೆಟ್ಟಿಗೆಯನ್ನು ಅಂಗಡಿಯಲ್ಲಿ ಕೊಳ್ಳುವವರು ಕೆತ್ತಿದವನ ಹೆಸರನ್ನು ಕೇಳುವ ರೂಢಿ ನಮ್ಮಲ್ಲಿಲ್ಲ. ಬುಗಾಟಿಯವರ ಲಾಂಛನವನ್ನು ಕಂಡು ಬೆರಗಾಗುವವರು ಅದರ ಕೆಳಗಿನ ಎಂಜಿನ್ನಿನ ಮೇಲೆ ಕೆರೆಯುಳಿ ಬಿಟ್ಟಿರುವ ಸಣ್ಣ ಗೆರೆಗಳನ್ನೂ ಒಮ್ಮೆ ಬಗ್ಗಿ ನೋಡಿದರೆ, ಆ ಮಹಾಶಿಲ್ಪಿಯ ಹೆಸರಿಗೆ ಅದರಿಂದ ಯಾವ ಕುಂದೂ ಬರಲಾರದು.