ಜೆ. ಎನ್. ಫರ್ಕುಹಾರ್ ಮತ್ತು ನವಧಾರ್ಮಿಕ ಚಳವಳಿಗಳ ಬೋಧನೆ

ಜಾನ್ ನಿಕೋಲ್ ಫರ್ಕುಹಾರ್ 1861ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಜನಿಸಿದರು. ಬಟ್ಟೆ ವ್ಯಾಪಾರದಲ್ಲಿ ಕೆಲಸ ಕಲಿಯುತ್ತಿದ್ದ ಅವರು ಮತ್ತೆ ಓದಿಗೆ ಮರಳಿ ಆಕ್ಸ್‌ಫರ್ಡಿನಲ್ಲಿ ವ್ಯಾಸಂಗ ಪೂರೈಸಿದರು. 1891ರಲ್ಲಿ ಲಂಡನ್ ಮಿಷನರಿ ಸೊಸೈಟಿಯ ಪರವಾಗಿ ಕಲ್ಕತ್ತೆಗೆ ಬಂದು, ಭವಾನಿಪುರದ ಮಿಷನ್ ಕಾಲೇಜಿನಲ್ಲಿ ಅಧ್ಯಾಪಕರಾದರು, 1902ರಲ್ಲಿ ವೈ.ಎಂ.ಸಿ.ಎ. ಸೇರಿದರು. ವಿದ್ಯಾವಂತ ಹಿಂದೂಗಳೊಡನೆ ಖಂಡನೆಯ ಭಾಷೆ ಫಲಿಸದೆಂಬುದನ್ನು ಕಂಡುಕೊಂಡ ಅವರು, ಹಿಂದೂಧರ್ಮದ ಆಶಯಗಳು ಕ್ರೈಸ್ತಧರ್ಮದಲ್ಲಿ ಪೂರ್ಣಗೊಳ್ಳುತ್ತವೆ ಎಂಬ ವಾದವನ್ನು 1913ರ ‘ದ ಕ್ರೌನ್ ಆಫ್ ಹಿಂದೂಯಿಸಂ’ ಕೃತಿಯಲ್ಲಿ ಮಂಡಿಸಿದರು.

ಅದೇ ವರ್ಷ ಅಮೆರಿಕದ ಹಾರ್ಟ್‌ಫರ್ಡ್ ದೇವಶಾಸ್ತ್ರ ವಿದ್ಯಾಲಯದಲ್ಲಿ ಭಾರತದ ನವಧಾರ್ಮಿಕ ಚಳವಳಿಗಳನ್ನು ಕುರಿತು ಉಪನ್ಯಾಸಮಾಲೆ ನೀಡಿದರು. ಅದು 1915ರಲ್ಲಿ ‘ಮಾಡರ್ನ್ ರಿಲಿಜಿಯಸ್ ಮೂವ್‌ಮೆಂಟ್ಸ್ ಇನ್ ಇಂಡಿಯಾ’ ಎಂಬ ಗ್ರಂಥವಾಯಿತು. 1828ರ ಬ್ರಹ್ಮಸಮಾಜ, 1875ರ ಆರ್ಯಸಮಾಜ, ಥಿಯಾಸಫಿ, ರಾಮಕೃಷ್ಣ ಪರಂಪರೆ ಮೊದಲಾದವುಗಳ ಇತಿಹಾಸವನ್ನು ಅವರು ಶ್ರದ್ಧೆಯಿಂದ ಸಂಗ್ರಹಿಸಿದರು. ಆದರೆ ತೀವ್ರ ಸುಧಾರಣೆಯಿಂದ ಹಳೆಯ ಧರ್ಮಗಳ ಸಂಪೂರ್ಣ ಸಮರ್ಥನೆಯವರೆಗೆ ಅವನ್ನು ವರ್ಗೀಕರಿಸುವಲ್ಲಿ ಅಳತೆಗೋಲು ಅವರ ಸ್ವಮತದ್ದೇ ಆಗಿತ್ತು. ಥಿಯಾಸಫಿಯ ವಿಷಯದಲ್ಲಂತೂ ಅಧ್ಯಾಪಕನಿಗಿಂತ ಪ್ರತಿವಾದಿಯೇ ಮುಂದೆ ನಿಲ್ಲುತ್ತಾನೆ. ವಿವರಣೆ ಮತ್ತು ತೀರ್ಪುಗಳ ಈ ಬೆರಕೆಯನ್ನು ಬೇರ್ಪಡಿಸಿಕೊಂಡೇ ಗ್ರಂಥವನ್ನು ಆಕರವಾಗಿ ಬಳಸಬೇಕಾಗುತ್ತದೆ.

ಕನ್ನಡಕ್ಕೂ ಅವರ ಕಾರ್ಯದ ಸಂಬಂಧವಿದೆ. ಅವರು ವಿ. ಎಸ್. ಅಜರಯ್ಯನವರೊಡನೆ ಸಂಪಾದಿಸಿದ ‘ಹೆರಿಟೇಜ್ ಆಫ್ ಇಂಡಿಯಾ’ ಮಾಲೆಯಲ್ಲಿಯೇ ಇ. ಪಿ. ರೈಸ್ ಅವರ ಕನ್ನಡ ಸಾಹಿತ್ಯಚರಿತ್ರೆಯ 1921ರ ಆವೃತ್ತಿ ಪ್ರಕಟವಾಯಿತು. 1923ರಲ್ಲಿ ಸ್ವದೇಶಕ್ಕೆ ಮರಳಿದ ಫರ್ಕುಹಾರ್, ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದಲ್ಲಿ ತೌಲನಿಕ ಧರ್ಮಶಾಸ್ತ್ರದ ಪ್ರಾಧ್ಯಾಪಕರಾಗಿ ಸೇವೆ ಸಲ್ಲಿಸಿ 1929ರಲ್ಲಿ ನಿಧನರಾದರು.