ಕಿಂಗ್ ಕ್ಯಾಂಪ್ ಜಿಲೆಟ್

ಕಿಂಗ್ ಕ್ಯಾಂಪ್ ಜಿಲೆಟ್ (ಜನವರಿ 5, 1855 – ಜುಲೈ 9, 1932) ಅಮೆರಿಕದ ಉದ್ಯಮಿ ಮತ್ತು ಸಂಶೋಧಕ. ಬಳಸಿ ಎಸೆಯಬಹುದಾದ ತೆಳು ಬ್ಲೇಡಿನ ಸುರಕ್ಷಿತ ರೇಜರನ್ನು ರೂಪಿಸಿ, ಗಂಡಸರ ದಿನನಿತ್ಯದ ಕ್ಷೌರವನ್ನು ಕ್ಷೌರಿಕನ ಅಂಗಡಿಯಿಂದ ಮನೆಯ ಕನ್ನಡಿಯ ಮುಂದಕ್ಕೆ ತಂದವರಲ್ಲಿ ಈತ ಪ್ರಮುಖ. ಸಮಾಜ ಸುಧಾರಣೆಯ ಕನಸು ಕಂಡ ಲೇಖಕನೂ ಹೌದು.

ಆರಂಭಿಕ ಜೀವನ

ಈತ ವಿಸ್ಕಾನ್ಸಿನ್ ರಾಜ್ಯದ ಫಾಂಡ್ ಡು ಲಾಕ್‌ನಲ್ಲಿ ಹುಟ್ಟಿ ಷಿಕಾಗೊ ನಗರದಲ್ಲಿ ಬೆಳೆದ. 1871ರ ಷಿಕಾಗೊ ಮಹಾಬೆಂಕಿಯಲ್ಲಿ ಕುಟುಂಬದ ಆಸ್ತಿ ನಾಶವಾಯಿತು. ತಾಯಿ ಫ್ಯಾನಿ ಜಿಲೆಟ್ 1887ರಲ್ಲಿ ಪ್ರಕಟವಾದ ಪ್ರಸಿದ್ಧ ಪಾಕಶಾಸ್ತ್ರ ಗ್ರಂಥವೊಂದರ ಕರ್ತೃ. ಜಿಲೆಟ್ ಊರೂರು ತಿರುಗುವ ಮಾರಾಟಗಾರನಾಗಿ ದುಡಿದ. ಬಾಟಲಿಯ ಲೋಹದ ಮುಚ್ಚಳವನ್ನು ಕಂಡುಹಿಡಿದ ವಿಲಿಯಂ ಪೇಂಟರ್‌ನ ಸಂಸ್ಥೆಯಲ್ಲಿದ್ದಾಗ, ಒಮ್ಮೆ ಬಳಸಿ ಬಿಸಾಡಿ ಮತ್ತೆ ಕೊಳ್ಳಲೇಬೇಕಾದ ವಸ್ತುವೊಂದನ್ನು ಯೋಚಿಸುವಂತೆ ಪೇಂಟರ್ ಸಲಹೆಯಿತ್ತನು.

ರೇಜರಿನ ಸಂಶೋಧನೆ

ಸುರಕ್ಷಿತ ರೇಜರ್ ಜಿಲೆಟ್‌ಗಿಂತ ಮೊದಲೂ ಇತ್ತು. ಕ್ಯಾಂಪ್ಫೆ ಸಹೋದರರು 1880ರಲ್ಲೇ ಅಂತಹ ಒಂದಕ್ಕೆ ಪೇಟೆಂಟ್ ಪಡೆದಿದ್ದರು. ಆದರೆ ಅದರ ದಪ್ಪ ಅಲಗನ್ನು ಹಳೆಯ ಕ್ಷೌರಕತ್ತಿಯಂತೆಯೇ ಮತ್ತೆ ಮತ್ತೆ ಸಾಣೆ ಹಿಡಿಯಬೇಕಾಗಿತ್ತು, ಚರ್ಮದ ಪಟ್ಟಿಗೆ ತಿಕ್ಕಬೇಕಾಗಿತ್ತು. 1895ರಲ್ಲಿ ಒಂದು ಬೆಳಿಗ್ಗೆ ಮೊಂಡಾದ ಅಲಗಿನಿಂದ ಬೇಸತ್ತ ಜಿಲೆಟ್‌ಗೆ, ಕತ್ತರಿಸಲು ಬೇಕಾದುದು ಅಂಚು ಮಾತ್ರ, ಉಳಿದ ಉಕ್ಕೆಲ್ಲ ಅನಗತ್ಯ ಎಂದು ಹೊಳೆಯಿತು. ಅಷ್ಟು ತೆಳುವಾದ ಉಕ್ಕಿನ ಹಾಳೆಯನ್ನು ಗಡಸುಗೊಳಿಸಿ ಹರಿತಗೊಳಿಸುವುದು ಅಸಾಧ್ಯವೆಂದು ತಜ್ಞರು ಹೇಳಿದರು. ಈ ತೊಡಕನ್ನು ಬಿಡಿಸಿದವನು ಎಂಜಿನಿಯರ್ ವಿಲಿಯಂ ನಿಕರ್ಸನ್. ಕೀರ್ತಿಯಲ್ಲಿ ಆತನಿಗೆ ಸಿಕ್ಕ ಪಾಲು ಚಿಕ್ಕದು.

1901ರಲ್ಲಿ ಸಂಸ್ಥೆ ಸ್ಥಾಪನೆಯಾಯಿತು. ಮಾರಾಟ ಆರಂಭವಾದ 1903ರಲ್ಲಿ ಹೋದದ್ದು ಕೇವಲ 51 ರೇಜರುಗಳು ಮತ್ತು 168 ಬ್ಲೇಡುಗಳು. ಮರುವರ್ಷ ರೇಜರುಗಳ ಸಂಖ್ಯೆ 90,000 ದಾಟಿತು. 1904ರ ನವೆಂಬರ್ 15ರಂದು ಪೇಟೆಂಟ್ ದೊರೆಯಿತು.

ಮುಚ್ಚಳ, ಕಾಪು, ಹಿಡಿ ಎಂಬ ಮೂರು ಭಾಗಗಳ ಈ ಲೋಹದ ರೇಜರ್ ಕೈಗೆ ತೂಕವಾಗಿರುತ್ತದೆ. ಹಿಡಿಯನ್ನು ತಿರುಪಿ ಬಿಗಿಗೊಳಿಸಿದಾಗ ಬ್ಲೇಡ್ ಬಾಗಿ, ಅದರ ಅಂಚು ಕಾಪಿನ ಆಚೆಗೆ ಕೂದಲೆಳೆಯಷ್ಟು ಮಾತ್ರ ಹೊರಬರುತ್ತದೆ. ಮೊದಲ ಬಾರಿಗೆ ಇದನ್ನು ಹಿಡಿದವರು ಸಾಮಾನ್ಯವಾಗಿ ಒತ್ತಿ ಎಳೆದು ಗಾಯ ಮಾಡಿಕೊಳ್ಳುತ್ತಾರೆ. ಚರ್ಮಕ್ಕೆ ಸುಮಾರು 30 ಡಿಗ್ರಿ ಓರೆಯಾಗಿ ಹಿಡಿದು, ಒತ್ತದೆ, ರೇಜರಿನ ಭಾರವೇ ಅಲಗನ್ನು ಸಾಗಿಸುವಂತೆ ಬಿಡುವುದು ಸರಿಯಾದ ಕ್ರಮ. ಕಾಪು ಗಾಯದ ಆಳವನ್ನು ತಗ್ಗಿಸುತ್ತದೆಯೇ ಹೊರತು ಗಾಯವನ್ನೇ ತಪ್ಪಿಸುವುದಿಲ್ಲ. ಸುರಕ್ಷಿತ ಎಂಬ ಹೆಸರಿಗೆ ಇಷ್ಟೇ ಅರ್ಥ.

ವ್ಯಾಪಾರ

ರೇಜರನ್ನು ಅಗ್ಗವಾಗಿ ಕೊಟ್ಟು ಬ್ಲೇಡಿನಲ್ಲಿ ಲಾಭ ಗಳಿಸುವ ತಂತ್ರ ಈತನದೆಂಬ ಮಾತು ವಾಣಿಜ್ಯ ಪಠ್ಯಗಳಲ್ಲಿ ರೂಢಿಯಲ್ಲಿದ್ದರೂ ಅದು ಪೂರ್ತಿ ನಿಜವಲ್ಲ. ಪೇಟೆಂಟ್ ಇದ್ದಷ್ಟು ಕಾಲ ರೇಜರಿನ ಬೆಲೆ 5 ಡಾಲರ್‌ನಷ್ಟು ದುಬಾರಿಯಾಗಿಯೇ ಇತ್ತು. 1921ರಲ್ಲಿ ಪೇಟೆಂಟ್ ಮುಗಿದ ಮೇಲಷ್ಟೇ ಹಳೆಯ ಮಾದರಿ 1 ಡಾಲರಿಗೆ ಇಳಿಯಿತು. ಮೊದಲ ಮಹಾಯುದ್ಧದಲ್ಲಿ ಅಮೆರಿಕ ಸರ್ಕಾರ ಸೈನಿಕರಿಗಾಗಿ ಸುಮಾರು 35 ಲಕ್ಷ ರೇಜರುಗಳನ್ನು ಕೊಂಡಿತು. ಮನೆಯಲ್ಲೇ ಕ್ಷೌರ ಮಾಡಿಕೊಳ್ಳುವ ಅಭ್ಯಾಸ ಆ ಸೈನಿಕರೊಂದಿಗೆ ಊರು ಸೇರಿತು.

ವಿಚಾರಗಳು ಮತ್ತು ಕೊನೆಯ ದಿನಗಳು

ರೇಜರಿಗೂ ಮೊದಲು, 1894ರಲ್ಲಿ, ಜಿಲೆಟ್ ‘ದಿ ಹ್ಯೂಮನ್ ಡ್ರಿಫ್ಟ್’ ಎಂಬ ಪುಸ್ತಕ ಬರೆದಿದ್ದ. ವ್ಯಾಪಾರದ ಪೈಪೋಟಿಯೇ ಬಡತನಕ್ಕೂ ಅಪರಾಧಕ್ಕೂ ಮೂಲವೆಂದು ವಾದಿಸಿ, ಎಲ್ಲ ಉತ್ಪಾದನೆಯೂ ಜನರೇ ಒಡೆಯರಾಗಿರುವ ಒಂದೇ ಸಂಸ್ಥೆಯ ಕೈಯಲ್ಲಿರಬೇಕೆಂದೂ, ನಯಾಗರ ಜಲಪಾತದ ವಿದ್ಯುತ್ತಿನಿಂದ ನಡೆಯುವ ಒಂದೇ ಮಹಾನಗರ ಇರಬೇಕೆಂದೂ ಸೂಚಿಸಿದ್ದ. 1910ರಲ್ಲಿ ಇಂಥ ವಿಶ್ವಸಂಸ್ಥೆಯ ಅಧ್ಯಕ್ಷನಾಗಲು ಥಿಯೊಡೋರ್ ರೂಸ್‌ವೆಲ್ಟ್‌ಗೆ 10 ಲಕ್ಷ ಡಾಲರ್ ನೀಡಲು ಮುಂದಾದ, ರೂಸ್‌ವೆಲ್ಟ್ ಒಪ್ಪಲಿಲ್ಲ. ಪೈಪೋಟಿಯನ್ನು ಖಂಡಿಸಿದವನ ಭಾವಚಿತ್ರವೇ ಬ್ಲೇಡಿನ ಪೊಟ್ಟಣಗಳ ಮೇಲೆ ಲೋಕವೆಲ್ಲ ಸುತ್ತಿತು. ಅಧ್ಯಕ್ಷನೆಂಬ ಹೆಸರು ಉಳಿದರೂ ಸಂಸ್ಥೆಯ ಹಿಡಿತ ಪಾಲುದಾರರ ಕೈ ಸೇರಿತ್ತು. 1929ರ ನಂತರದ ಆರ್ಥಿಕ ಕುಸಿತದಲ್ಲಿ ಸಂಪತ್ತಿನ ಬಹುಭಾಗ ಕರಗಿ, ಕ್ಯಾಲಿಫೋರ್ನಿಯಾದಲ್ಲಿ ಈತ ತೀರಿಕೊಂಡ.

ಕರ್ನಾಟಕದಲ್ಲಿ

ಎರಡು ಅಂಚಿನ ಬ್ಲೇಡ್ ಇಲ್ಲಿ ಇಂದಿಗೂ ಸಣ್ಣಪುಟ್ಟ ಅಂಗಡಿಗಳಲ್ಲಿಯೂ ಸಿಗುತ್ತದೆ. ಕ್ಷೌರಿಕರು ಅದನ್ನು ಉದ್ದಕ್ಕೆ ಎರಡಾಗಿ ಮುರಿದು, ಮಡಚುವ ಹಿಡಿಗೆ ಸಿಕ್ಕಿಸಿ, ಒಬ್ಬ ಗಿರಾಕಿಗೆ ಒಂದು ಅರ್ಧದಂತೆ ಬಳಸುತ್ತಾರೆ. ದರ್ಜಿಗಳು ಹೊಲಿಗೆ ಬಿಚ್ಚಲೂ ಮಕ್ಕಳು ಪೆನ್ಸಿಲ್ ಹೆರೆಯಲೂ ಇದನ್ನೇ ಉಪಯೋಗಿಸಿದ್ದುಂಟು.